ಮೂತ್ರ ಕಟ್ಟಿದಾಗ: ಮೂತ್ರಕೋಶವನ್ನು ಬರಿದುಗೊಳಿಸುವ ನಳಿಕೆಗಳು

ಮೂತ್ರವಿಸರ್ಜನೆಯ ಕುರಿತು ಕನ್ನಡದಲ್ಲಿ ನೇರವಾಗಿ ಮಾತನಾಡುವವರು ಕಡಿಮೆ. ಶಾಲೆಯ ಮಕ್ಕಳು ‘ಒಂದಕ್ಕೆ’ ಹೋಗುತ್ತಾರೆ. ಹಿಂದಿನ ತಲೆಮಾರಿನ ಹಿರಿಯರು ‘ಜಲಬಾಧೆ’ಗೆಂದು ಎದ್ದುಹೋಗುತ್ತಾರೆ. ಸಭ್ಯತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಆ ಕ್ರಿಯೆ ಕೆಟ್ಟಾಗ ಈ ಸಂಕೋಚವೇ ಅಪಾಯಕ್ಕೆ ಎಡೆಮಾಡುತ್ತದೆ. ಮಗನ ಮನೆಗೆಂದು ಆರು ತಿಂಗಳ ಮಟ್ಟಿಗೆ ಪರದೇಶಕ್ಕೆ ಬಂದ ತಂದೆ, ಮೂತ್ರ ಹನಿಹನಿಯಾಗಿ ಬರುತ್ತಿರುವುದನ್ನು ಸೊಸೆಯೆದುರು ಹೇಗೆ ಹೇಳುವುದೆಂದು ಎರಡು ದಿನ ಸುಮ್ಮನಿದ್ದು, ಮೂರನೆಯ ರಾತ್ರಿ ಆಸ್ಪತ್ರೆಯ ತುರ್ತುಚಿಕಿತ್ಸಾ ವಿಭಾಗ ಸೇರುವುದು ನಮ್ಮವರಿಗೆ ಅಪರಿಚಿತವಾದ ಸಂಗತಿಯಲ್ಲ. ಅಲ್ಲಿ ಮೊದಲು ನಡೆಯುವ ಕೆಲಸ ಸರಳವಾದದ್ದು: ಪೆನ್ಸಿಲ್ಲಿಗಿಂತ ತೆಳುವಾದ ಮೆತ್ತನೆಯ ನಳಿಕೆಯೊಂದನ್ನು ಒಳಗಿಳಿಸಿ, ಕಟ್ಟಿದ ಮೂತ್ರವನ್ನು ಹೊರಬಿಡುವುದು. ಆ ನಳಿಕೆ ಎಷ್ಟು ದಿನ ಇರಬೇಕು, ಅದಕ್ಕೆ ಬದಲಾಗಿ ಬೇರೆ ದಾರಿಗಳಿವೆಯೇ ಎಂಬ ಪ್ರಶ್ನೆಗಳು ಆಮೇಲೆ ಹುಟ್ಟುತ್ತವೆ. ಅವನ್ನು ಕೇಳಬೇಕಾದವರು ಬಹುಮಟ್ಟಿಗೆ ಮನೆಯವರೇ.

‘ಮೂತ್ರ ಕಟ್ಟಿದೆ’ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳು ಸೇರಿಕೊಂಡಿವೆ. ಮೂತ್ರಪಿಂಡಗಳು ಮೂತ್ರವನ್ನೇ ತಯಾರಿಸದಿರುವುದು ಒಂದು. ತಯಾರಾದ ಮೂತ್ರ ಮೂತ್ರಕೋಶದಲ್ಲಿ ತುಂಬಿ ಹೊರಬರಲಾರದೆ ನಿಲ್ಲುವುದು ಇನ್ನೊಂದು. ನಳಿಕೆಯಿಂದ ಪರಿಹಾರ ಸಿಗುವುದು ಎರಡನೆಯದಕ್ಕೆ ಮಾತ್ರ. ಪ್ರಸ್ತುತ ಲೇಖನದ ವಿಷಯವೂ ಅದೇ.

ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಸುಮಾರು 1ರಿಂದ 2 ಲೀಟರ್ ಮೂತ್ರ ಉತ್ಪತ್ತಿಯಾಗುತ್ತದೆ. ಮೂತ್ರಕೋಶವು ಸ್ನಾಯುವಿನಿಂದಾದ ಚೀಲ. ತುಂಬುತ್ತಾ ಹೋದಂತೆ ಒಳಗಿನ ಒತ್ತಡವನ್ನು ಹೆಚ್ಚಿಸಿಕೊಳ್ಳದೆ ಹಿಗ್ಗುವುದು ಅದರ ವಿಶೇಷ. 150–200 ಮಿಲಿಲೀಟರ್ ಸೇರಿದಾಗ ಮೊದಲ ಸೂಚನೆ ಬರುತ್ತದೆ. 400–500 ಮಿಲಿಲೀಟರ್ ಆದಾಗ ತಡೆಯುವುದು ಕಷ್ಟವಾಗುತ್ತದೆ. ವಿಸರ್ಜನೆಯಾಗಬೇಕಾದರೆ ಎರಡು ಕೆಲಸಗಳು ಒಟ್ಟಿಗೆ ನಡೆಯಬೇಕು: ಚೀಲದ ಗೋಡೆಯ ಸ್ನಾಯು ಸಂಕುಚಿಸಬೇಕು, ಕೆಳಗಿನ ಬಾಯಿಯನ್ನು ಬಿಗಿದಿಟ್ಟಿರುವ ಸ್ನಾಯುವಿನ ಉಂಗುರ ಸಡಿಲಗೊಳ್ಳಬೇಕು. ಈ ಹೊಂದಾಣಿಕೆಯನ್ನು ಮಿದುಳಿನ ಬುಡವೂ ಬೆನ್ನುಹುರಿಯ ಕೆಳತುದಿಯೂ ಸೇರಿ ನಡೆಸುತ್ತವೆ. ಆದ್ದರಿಂದ ದಾರಿ ಕಿರಿದಾದರೂ, ಚೀಲದ ಬಲ ಕುಂದಿದರೂ, ನರಗಳ ಸಂದೇಶ ತಪ್ಪಿದರೂ ಪರಿಣಾಮ ಒಂದೇ.

ಐವತ್ತು ದಾಟಿದ ಗಂಡಸರಲ್ಲಿ ಸಾಮಾನ್ಯ ಕಾರಣವೆಂದರೆ ಪ್ರಾಸ್ಟೇಟ್ ಗ್ರಂಥಿಯ ಹಿಗ್ಗುವಿಕೆ. ಮೂತ್ರಮಾರ್ಗದ ಸುತ್ತ ಕುಳಿತಿರುವ ಈ ಗ್ರಂಥಿ ಬೆಳೆದಷ್ಟೂ ದಾರಿ ಕಿರಿದಾಗುತ್ತದೆ. ಇದರ ಮೇಲೆ ಸಣ್ಣದೊಂದು ನೆಪ ಸಾಕು: ನೆಗಡಿಗೆಂದು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆ, ಮಲಬದ್ಧತೆ, ದೀರ್ಘ ಪ್ರಯಾಣದಲ್ಲಿ ಗಂಟೆಗಟ್ಟಲೆ ತಡೆದಿಟ್ಟುಕೊಳ್ಳುವುದು. ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ಮೂತ್ರಕೋಶದ ಸಂಕೋಚನವನ್ನು ಕುಗ್ಗಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಕೆಳಗಿನ ದಾರಿಯನ್ನು ಬಿಗಿಗೊಳಿಸುತ್ತದೆ. ಬೆಂಗಳೂರಿನಿಂದ ಇಪ್ಪತ್ತು ಗಂಟೆ ವಿಮಾನದಲ್ಲಿ ಕುಳಿತು ಬಂದ ಎಪ್ಪತ್ತರ ವಯಸ್ಸಿನವರಿಗೆ ಇಳಿದ ಕೂಡಲೇ ಇಂಥ ಮಾತ್ರೆ ಕೊಡುವ ಮುನ್ನ ಯೋಚಿಸುವುದು ಒಳಿತು. ಹೆಂಗಸರಲ್ಲಿ ಹೆರಿಗೆಯ ನಂತರ, ಗರ್ಭಕೋಶ ಜಾರಿದಾಗ, ಇಬ್ಬರಲ್ಲಿಯೂ ಬೆನ್ನಿಗೆ ಅರಿವಳಿಕೆ ಕೊಟ್ಟ ಶಸ್ತ್ರಚಿಕಿತ್ಸೆಯ ನಂತರ, ದೀರ್ಘಕಾಲದ ಮಧುಮೇಹದಲ್ಲಿ, ಬೆನ್ನುಹುರಿಯ ಪೆಟ್ಟಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ.

ಥಟ್ಟನೆ ಕಟ್ಟಿದರೆ ತಡೆಯಲಾಗದ ನೋವು; ಅದನ್ನು ಯಾರೂ ಮರೆಮಾಚಲಾರರು. ನಿಧಾನವಾಗಿ ತಿಂಗಳುಗಟ್ಟಲೆ ಕಟ್ಟುವ ಬಗೆಯೇ ಹೆಚ್ಚು ಮೋಸಗಾರ. ಅದರಲ್ಲಿ ನೋವಿಲ್ಲ. ಒಂದು ಲೀಟರಿಗೂ ಮೀರಿ ತುಂಬಿದ ಚೀಲದಿಂದ ಮೂತ್ರ ಉಕ್ಕಿ ಹನಿಯುತ್ತಿರುತ್ತದೆ. ಮನೆಯವರು ‘ವಯಸ್ಸಾಯಿತು, ತಡೆಯಲಾಗುತ್ತಿಲ್ಲ’ ಎಂದುಕೊಂಡು ಡಯಾಪರ್ ತರುತ್ತಾರೆ. ತುಂಬಿದ ಕೊಡವೂ ಸೋರುತ್ತದೆ, ತೂತಾದ ಕೊಡವೂ ಸೋರುತ್ತದೆ. ಎರಡನ್ನೂ ಹೊರಗಿನಿಂದ ನೋಡಿ ಬೇರ್ಪಡಿಸಲಾಗದು. ಹೊಟ್ಟೆಯ ಮೇಲೆ ಇಟ್ಟು ಒಳಗಿನ ಮೂತ್ರದ ಪ್ರಮಾಣವನ್ನು ತೋರಿಸುವ ಸಣ್ಣ ಅಲ್ಟ್ರಾಸೌಂಡ್ ಯಂತ್ರ ಈಗ ಬಹುತೇಕ ಆಸ್ಪತ್ರೆಗಳಲ್ಲಿ ಇದೆ. ಎರಡು ನಿಮಿಷದ ಆ ಪರೀಕ್ಷೆಯಾಗದೆ ಡಯಾಪರಿನ ತೀರ್ಮಾನಕ್ಕೆ ಬರಬಾರದು. ಹಿಂದಕ್ಕೊತ್ತುವ ಒತ್ತಡದಿಂದ ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುವುದು ಈ ಸ್ಥಿತಿಯಲ್ಲಿಯೇ.

ಬೆಳ್ಳಿಯಿಂದ ರಬ್ಬರಿಗೆ

ನಳಿಕೆಯಿಂದ ಮೂತ್ರ ತೆಗೆಯುವ ಉಪಾಯ ಬಹಳ ಹಳೆಯದು. ಸುಶ್ರುತ ಸಂಹಿತೆಯು ‘ನಾಡೀಯಂತ್ರ’ಗಳೆಂಬ ಟೊಳ್ಳು ಉಪಕರಣಗಳನ್ನು ಪ್ರತ್ಯೇಕ ವರ್ಗವಾಗಿಯೇ ಹೇಳುತ್ತದೆ. ಮುಂದೊಗಲು ಬಿಗಿದು ಮೂತ್ರದ ದಾರಿ ಅಡಗುವ ‘ನಿರುದ್ಧಪ್ರಕಶ’ ಎಂಬ ರೋಗಕ್ಕೆ ಲೋಹ, ಮರ ಅಥವಾ ಅರಗಿನಿಂದ ಮಾಡಿದ, ಎರಡೂ ಕಡೆ ಬಾಯಿಯುಳ್ಳ ನಳಿಕೆಗೆ ತುಪ್ಪ ಸವರಿ ಒಳಗಿಡಬೇಕೆಂದೂ, ಮೂರು ದಿನಗಳಿಗೊಮ್ಮೆ ಅದಕ್ಕಿಂತ ದಪ್ಪನೆಯದನ್ನು ಬದಲಿಸಬೇಕೆಂದೂ ಅದರಲ್ಲಿದೆ. ಹಂತಹಂತವಾಗಿ ಹಿಗ್ಗಿಸುವ ಈ ಕ್ರಮ ಇಂದಿನ ಮೂತ್ರರೋಗತಜ್ಞರಿಗೂ ಹೊಸದೆನಿಸದು. ಪಾಂಪೆಯ ಅವಶೇಷಗಳಲ್ಲಿ ಕಂಚಿನ ಬಾಗಿದ ನಳಿಕೆಗಳು ದೊರೆತಿವೆ. ಚೀನಾದಲ್ಲಿ ಏಳನೆಯ ಶತಮಾನದ ವೈದ್ಯ ಸನ್ ಸಿಮಿಯಾವೊ ಈರುಳ್ಳಿ ಜಾತಿಯ ಸಸ್ಯದ ಟೊಳ್ಳು ಎಲೆಯನ್ನು ಬಳಸಲು ಹೇಳಿದ್ದಾನೆ. ‘ಕ್ಯಾತಿಟರ್’ ಎಂಬ ಹೆಸರು ಬಂದದ್ದು ‘ಕೆಳಗಿಳಿಸು’ ಎಂಬರ್ಥದ ಗ್ರೀಕ್ ಧಾತುವಿನಿಂದ.

ಲೋಹದ ನಳಿಕೆಯ ದೊಡ್ಡ ತೊಡಕೆಂದರೆ ಅದು ಬಾಗದು. ಹೆಂಗಸರ ಮೂತ್ರಮಾರ್ಗ ಸುಮಾರು 4 ಸೆಂಟಿಮೀಟರ್, ಬಹುಮಟ್ಟಿಗೆ ನೇರ. ಗಂಡಸರದು ಸುಮಾರು 20 ಸೆಂಟಿಮೀಟರ್. ಅದರಲ್ಲಿ ತಿರುವುಗಳಿವೆ, ಮೇಲಾಗಿ ಪ್ರಾಸ್ಟೇಟ್ ಗ್ರಂಥಿಯ ನಡುವೆ ಹಾಯಬೇಕು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಈ ತೊಡಕಿಗೆ ಕೈಹಾಕಿದ್ದು ಮನೆಯ ಅಗತ್ಯದಿಂದ. ಬಾಸ್ಟನ್ನಿನಲ್ಲಿದ್ದ ಅವರ ಅಣ್ಣ ಜಾನ್ ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದರು. ಫಿಲಡೆಲ್ಫಿಯಾದ ಅಕ್ಕಸಾಲಿಗನೊಬ್ಬನ ಬಳಿ ನಿಂತು, ಸಣ್ಣ ತುಂಡುಗಳನ್ನು ಜೋಡಿಸಿದ, ಬಾಗುವ ಬೆಳ್ಳಿಯ ನಳಿಕೆಯೊಂದನ್ನು ಮಾಡಿಸಿ, ಅದನ್ನು ಬಳಸುವ ಬಗೆಯನ್ನು ವಿವರಿಸಿ 1752ರ ಡಿಸೆಂಬರ್‌ನಲ್ಲಿ ಅಣ್ಣನಿಗೆ ಪತ್ರ ಬರೆದರು. ಬೇಕಾದರೆ ಅದರ ಮೇಲೆ ತೆಳುವಾದ ಕರುಳಿನ ಹೊದಿಕೆ ಹಾಕಬಹುದೆಂಬ ಸಲಹೆಯೂ ಅದರಲ್ಲಿತ್ತು. ಮಿಂಚು, ಒಲೆ, ಕನ್ನಡಕಗಳ ಸಾಲಿನಲ್ಲಿ ಫ್ರಾಂಕ್ಲಿನ್ನರ ಈ ಕೆಲಸವನ್ನು ಎಣಿಸುವವರು ಕಡಿಮೆ, ವಿಷಯ ಸಂಕೋಚದ್ದಲ್ಲವೇ!

ನಿಜವಾದ ಬದಲಾವಣೆ ಬಂದದ್ದು ರಬ್ಬರಿನಿಂದ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ರಬ್ಬರ್ ಬಿಸಿಗೆ ಕರಗದೆ, ಚಳಿಗೆ ಬಿರುಕುಬಿಡದೆ ಉಳಿಯುವಂತಾಯಿತು. ಅದರಿಂದ ಪ್ಯಾರಿಸ್ಸಿನ ಶಸ್ತ್ರವೈದ್ಯ ಆಗಸ್ತ್ ನೆಲಾತೋನ್ ಮೆತ್ತನೆಯ ನಳಿಕೆಯನ್ನು ರೂಪಿಸಿದರು. ಅವರ ಹೆಸರಿನ ನಳಿಕೆ ಇಂದಿಗೂ ಭಾರತದ ಔಷಧದಂಗಡಿಗಳಲ್ಲಿ ದೊರೆಯುತ್ತದೆ. ನಳಿಕೆಯ ದಪ್ಪವನ್ನು ಅಳೆಯುವ ‘ಫ್ರೆಂಚ್’ ಮಾನ ಅದೇ ಊರಿನ ಉಪಕರಣ ತಯಾರಕ ಶಾರಿಯೇರ್‌ನ ಕೊಡುಗೆ. ಲೆಕ್ಕ ಸುಲಭ: ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ಹೊರವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. 12 ಎಂದರೆ 4 ಮಿಲಿಮೀಟರ್.

ಇನ್ನುಳಿದದ್ದು ಒಳಗಿಟ್ಟ ನಳಿಕೆ ಜಾರದಂತೆ ನಿಲ್ಲಿಸುವ ಪ್ರಶ್ನೆ. ಮಿನೆಸೋಟಾದ ಸೇಂಟ್ ಪಾಲ್ ನಗರದ ಮೂತ್ರರೋಗತಜ್ಞ ಫ್ರೆಡರಿಕ್ ಫೋಲಿ ನಳಿಕೆಯ ತುದಿಗೆ ಸಣ್ಣ ಬಲೂನು ಅಂಟಿಸಿ, ಅದನ್ನು ಉಬ್ಬಿಸಲು ಎರಡನೆಯ ಕಿರುದಾರಿಯನ್ನು ಒಳಗೇ ಇಟ್ಟರು. ಶಸ್ತ್ರಚಿಕಿತ್ಸೆಯ ನಂತರ ರಕ್ತಸ್ರಾವವನ್ನು ಒತ್ತಿ ನಿಲ್ಲಿಸುವುದು ಅವರ ಆರಂಭದ ಉದ್ದೇಶವಾಗಿತ್ತು. ಪೇಟೆಂಟಿನ ವ್ಯಾಜ್ಯದಲ್ಲಿ ಅವರು ಸೋತರೂ 1930ರ ದಶಕದಿಂದ ಮಾರುಕಟ್ಟೆಗೆ ಬಂದ ನಳಿಕೆಗೆ ಅವರ ಹೆಸರೇ ನಿಂತಿತು. ‘ಪೈಪ್ ಹಾಕಿದ್ದಾರೆ’ ಎಂದು ನಮ್ಮವರು ಹೇಳುವುದು ಇದನ್ನೇ.

ಒಳಗೇ ಉಳಿಯುವ ನಳಿಕೆ

ಫೋಲಿ ನಳಿಕೆಯ ಬಲೂನನ್ನು ಸಾಮಾನ್ಯವಾಗಿ 10 ಮಿಲಿಲೀಟರ್ ಶುದ್ಧೀಕರಿಸಿದ ನೀರಿನಿಂದ ಉಬ್ಬಿಸುತ್ತಾರೆ. ಉಪ್ಪುನೀರು ಹರಳುಗಟ್ಟಿ ಕಿರುದಾರಿಯನ್ನು ಮುಚ್ಚಬಹುದಾದ್ದರಿಂದ ಅದು ಸಲ್ಲದು. ಮೂತ್ರ ಹೊರಬಂದದ್ದನ್ನು ಕಾಣದೆ ಗಂಡಸರಲ್ಲಿ ಬಲೂನು ಉಬ್ಬಿಸಬಾರದೆಂಬುದು ಕಿರಿಯ ವೈದ್ಯರಿಗೂ ದಾದಿಯರಿಗೂ ಮೊದಲು ಕಲಿಸುವ ಪಾಠ. ತುದಿ ಇನ್ನೂ ದಾರಿಯಲ್ಲಿರುವಾಗ ಉಬ್ಬಿಸಿದರೆ ಮೂತ್ರಮಾರ್ಗ ಹರಿಯುತ್ತದೆ. ಪ್ರಾಸ್ಟೇಟ್ ಕಾರಣದಿಂದ ಥಟ್ಟನೆ ಕಟ್ಟಿದವರಲ್ಲಿ ಟಾಮ್ಸುಲೋಸಿನ್‌ನಂತಹ ಔಷಧ ಆರಂಭಿಸಿ, ಎರಡು ಮೂರು ದಿನಗಳಲ್ಲಿ ನಳಿಕೆ ತೆಗೆದು ನೋಡುವುದು ವಾಡಿಕೆ. ಅನೇಕರಿಗೆ ಮತ್ತೆ ತಾನಾಗಿಯೇ ಹೋಗುತ್ತದೆ. ಹಾಗಾಗಿ ಹಾಕಿದ ದಿನವೇ ತೆಗೆಯುವ ದಿನವನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು.

ಏಕೆಂದರೆ ಈ ನಳಿಕೆಯ ಶತ್ರು ದಿನಗಣನೆಯೇ. ಒಳಗಿಟ್ಟ ಪ್ರತಿಯೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಯೂರುವ ಸಂಭವ ಸುಮಾರು 3ರಿಂದ 7 ಶೇಕಡಾ ಏರುತ್ತದೆ. ತಿಂಗಳು ಕಳೆದರೆ ಬಹುತೇಕ ಎಲ್ಲರಲ್ಲಿಯೂ ಅವು ಇರುತ್ತವೆ. ನಳಿಕೆಯ ಮೈಮೇಲೆ ಅವು ಲೋಳೆಯಂಥ ಪದರವನ್ನು ಕಟ್ಟಿಕೊಂಡು ಔಷಧಕ್ಕೆ ಸಿಗದಂತೆ ಕೂರುತ್ತವೆ. ಹಿಂದೆ ಮೂತ್ರವನ್ನು ತೆರೆದ ಪಾತ್ರೆಗೆ ಬಿಡುತ್ತಿದ್ದ ಕಾಲದಲ್ಲಿ ನಾಲ್ಕೇ ದಿನಗಳಲ್ಲಿ ಈ ಗತಿ. ಮುಚ್ಚಿದ ಚೀಲಕ್ಕೆ ಹರಿಸುವ ವ್ಯವಸ್ಥೆಯ ಲಾಭವನ್ನು 1966ರಲ್ಲಿ ಕ್ಯುನಿನ್ ಮತ್ತು ಮೆಕಾರ್ಮಾಕ್ ತೋರಿಸಿದ ಮೇಲೆ ಸ್ಥಿತಿ ಸುಧಾರಿಸಿತು. ಆದ್ದರಿಂದಲೇ ಚೀಲವನ್ನು ಮೂತ್ರಕೋಶಕ್ಕಿಂತ ಕೆಳಮಟ್ಟದಲ್ಲಿ ಇಡಬೇಕು, ನೆಲಕ್ಕೆ ತಾಗಿಸಬಾರದು, ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಬಾರದು. ಅಮೆರಿಕದ ಮೆಡಿಕೇರ್ ವಿಮೆ 2008ರ ಅಕ್ಟೋಬರಿನಿಂದ, ಆಸ್ಪತ್ರೆಯಲ್ಲಿ ನಳಿಕೆಯಿಂದ ಬಂದ ಮೂತ್ರದ ಸೋಂಕಿಗೆ ಹೆಚ್ಚುವರಿ ಹಣ ಕೊಡುವುದನ್ನೇ ನಿಲ್ಲಿಸಿತು. ಉಪದೇಶಗಳಿಂದ ಆಗದ ಜಾಗ್ರತೆ ಹಣದ ಕೈ ಹಿಡಿದಾಗ ಬಂತೆನ್ನಬೇಕು. ನಳಿಕೆಯಿದ್ದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಡ. ಜ್ವರ, ನಡುಕ, ನೋವು, ಗೊಂದಲ ಇವುಗಳಿದ್ದರೆ ಮಾತ್ರ ಚಿಕಿತ್ಸೆ.

ಬಂದು ಹೋಗುವ ನಳಿಕೆ

ಮೂತ್ರಕೋಶ ಮತ್ತೆ ಚೇತರಿಸಿಕೊಳ್ಳದವರ ಪಾಡೇನು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಯುದ್ಧದಿಂದ. ನಾಜಿಗಳ ಕಾಟದಿಂದ 1939ರಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದ ನರರೋಗತಜ್ಞ ಲುಡ್ವಿಗ್ ಗುಟ್‌ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಘಟಕದ ಹೊಣೆ ಹೊತ್ತರು. ಅದುವರೆಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಸೈನಿಕರಲ್ಲಿ ಬಹುಪಾಲು ಮಂದಿ ಒತ್ತುಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗನೆ ಸಾಯುತ್ತಿದ್ದರು. ನಳಿಕೆಯನ್ನು ಒಳಗೇ ಬಿಡದೆ, ದಿನಕ್ಕೆ ಹಲವು ಬಾರಿ ಕಟ್ಟುನಿಟ್ಟಿನ ಶುದ್ಧತೆಯಲ್ಲಿ ಹಾಕಿ, ಬರಿದುಮಾಡಿ, ತೆಗೆದುಬಿಡುವ ಕ್ರಮವನ್ನು ಗುಟ್‌ಮನ್ ಜಾರಿಗೆ ತಂದರು. ಅವರ ರೋಗಿಗಳು ಬದುಕಿದ್ದಷ್ಟೇ ಅಲ್ಲ, 1948ರಲ್ಲಿ ಬಿಲ್ಲುಗಾರಿಕೆಯ ಸ್ಪರ್ಧೆಗೂ ಇಳಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಬೀಜದಿಂದ. ಆದರೆ ಈ ಕ್ರಮಕ್ಕೆ ವೈದ್ಯರೂ ಶುದ್ಧೀಕರಿಸಿದ ಉಪಕರಣಗಳೂ ಬೇಕಿದ್ದವು. ಆಸ್ಪತ್ರೆಯಾಚೆ ಅದು ಹೇಗೆ ಸಾಗೀತು?

ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಿಸ್ ಇಲ್ಲಿ ತಲೆಕೆಳಗಾದ ವಾದವೊಂದನ್ನು ಮುಂದಿಟ್ಟರು. ಸೋಂಕಿಗೆ ಮುಖ್ಯ ಕಾರಣ ನಳಿಕೆಯೊಂದಿಗೆ ಹೋಗುವ ಬ್ಯಾಕ್ಟೀರಿಯಾ ಅಲ್ಲ. ಅತಿಯಾಗಿ ಹಿಗ್ಗಿದ ಮೂತ್ರಕೋಶದ ಗೋಡೆಗೆ ರಕ್ತ ಸರಿಯಾಗಿ ಹರಿಯದಿರುವುದು. ರಕ್ತವಿಲ್ಲದ ಗೋಡೆಗೆ ಪ್ರತಿರೋಧವಿಲ್ಲ. ಬಂದ ಬ್ಯಾಕ್ಟೀರಿಯಾ ಅಲ್ಲೇ ಬೇರೂರುತ್ತದೆ. ಹಾಗಿದ್ದರೆ ಹೊತ್ತುಹೊತ್ತಿಗೆ ಬರಿದು ಮಾಡುವುದೇ ರಕ್ಷೆ. ತೊಳೆದ ಕೈ, ತೊಳೆದ ನಳಿಕೆ ಸಾಕು. ರೋಗಿ ತಾನೇ ಮಾಡಿಕೊಳ್ಳಬಹುದು. 1972ರಲ್ಲಿ ಅವರೂ ಸಹೋದ್ಯೋಗಿಗಳೂ ಇದನ್ನು ಪ್ರಕಟಿಸಿದಾಗ ಮೂತ್ರರೋಗತಜ್ಞರಲ್ಲಿ ಹಲವರು ಹೌಹಾರಿದರು. ಫಲಿತಾಂಶಗಳು ಅವರನ್ನು ಸುಮ್ಮನಾಗಿಸಿದವು. ಬೆನ್ನುಹುರಿಯ ಹುಟ್ಟುದೋಷವಿರುವ ಎಷ್ಟೋ ಮಕ್ಕಳ ಮೂತ್ರಪಿಂಡಗಳು ಉಳಿದದ್ದು, ಕರುಳಿನ ತುಂಡಿನಿಂದ ಮೂತ್ರವನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ತಿರುಗಿಸುವ ದೊಡ್ಡ ಶಸ್ತ್ರಚಿಕಿತ್ಸೆ ತಪ್ಪಿದ್ದು ಈ ಸರಳ ಕ್ರಮದಿಂದ. ನನ್ನ ಮಟ್ಟಿಗೆ, ಈ ಇಡೀ ಇತಿಹಾಸದಲ್ಲಿ ಫೋಲಿಯವರ ಬಲೂನಿಗಿಂತ ಲ್ಯಾಪಿಡಿಸ್‌ರ ಈ ತರ್ಕವೇ ದೊಡ್ಡದು.

ಕ್ರಮ ಹೀಗಿದೆ. ದಿನಕ್ಕೆ ನಾಲ್ಕರಿಂದ ಆರು ಬಾರಿ, ಒಳಗಿನ ಪ್ರಮಾಣ 400–500 ಮಿಲಿಲೀಟರ್ ದಾಟದಂತೆ. ಸೋಪಿನಿಂದ ಕೈ ತೊಳೆದು, ಆ ಭಾಗವನ್ನು ಶುಚಿಗೊಳಿಸಿ, ಜಾರುವಂತೆ ಜೆಲ್ ಸವರಿದ ನಳಿಕೆಯನ್ನು ನಿಧಾನವಾಗಿ ಸರಿಸಬೇಕು. ಗಂಡಸರು ಶಿಶ್ನವನ್ನು ಹೊಟ್ಟೆಯ ಕಡೆಗೆ ಎತ್ತಿ ಹಿಡಿದರೆ ಮೊದಲ ತಿರುವು ನೇರವಾಗುತ್ತದೆ. ಒಳಗೆ ಸ್ನಾಯುವಿನ ಉಂಗುರ ಎದುರಾದಾಗ ತಡೆ ಅನುಭವಕ್ಕೆ ಬರುತ್ತದೆ. ಅಲ್ಲಿ ಬಲ ಪ್ರಯೋಗಿಸದೆ, ನಿಂತು, ದೀರ್ಘವಾಗಿ ಉಸಿರು ಬಿಡುತ್ತಾ ಮೆಲ್ಲನೆ ಒತ್ತಿದರೆ ದಾರಿ ಬಿಡುತ್ತದೆ. ಹೆಂಗಸರಿಗೆ ಮೊದಮೊದಲು ಕನ್ನಡಿ ಬೇಕಾಗಬಹುದು, ಕ್ರಮೇಣ ಬೆರಳಿನ ಸ್ಪರ್ಶವೇ ಸಾಕು. ನಳಿಕೆ ತಪ್ಪಿ ಯೋನಿಗೆ ಹೋದರೆ ಗಾಬರಿ ಬೇಡ: ಅದನ್ನು ಗುರುತಿಗೆಂದು ಅಲ್ಲೇ ಬಿಟ್ಟು, ಬೇರೊಂದನ್ನು ಅದರ ಮೇಲ್ಭಾಗದಲ್ಲಿ ಹಾಕುವುದು ದಾದಿಯರು ಹೇಳಿಕೊಡುವ ಜಾಣತನ. ಹರಿವು ನಿಂತ ಮೇಲೆ ನಿಧಾನವಾಗಿ ಹೊರಗೆಳೆಯಬೇಕು. ತಳದಲ್ಲಿ ಉಳಿದದ್ದು ಆಗ ಬರುತ್ತದೆ. 1983ರಲ್ಲಿ ಸ್ವೀಡನ್ನಿನಿಂದ ಬಂದ, ನೀರು ತಾಗಿದೊಡನೆ ನುಣುಪಾಗುವ ಲೇಪನದ ನಳಿಕೆಗಳಲ್ಲಿ ಜೆಲ್ಲಿನ ಗೊಡವೆಯೂ ಇಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ಬರುವ ಮೊದಲ ಪ್ರತಿಕ್ರಿಯೆ ‘ಅಯ್ಯೋ, ದಿನಕ್ಕೆ ಐದು ಸಲ ಚುಚ್ಚಿಕೊಳ್ಳುವುದೇ? ಒಮ್ಮೆ ಹಾಕಿ ಬಿಟ್ಟರಾಯಿತು’ ಎಂಬುದು. ಇದು ಚುಚ್ಚುವ ಕೆಲಸವಲ್ಲ. ಚರ್ಮ ಎಲ್ಲಿಯೂ ತೆರೆಯುವುದಿಲ್ಲ. ರೂಢಿಯಾದವರಿಗೆ ಹತ್ತು ನಿಮಿಷ ಹಿಡಿಯುವುದಿಲ್ಲ. ಒಳಗುಳಿಯುವ ನಳಿಕೆಯಲ್ಲಿ ಸೋಂಕು, ಕಲ್ಲು, ಮೂತ್ರಮಾರ್ಗದ ಗಾಯ ಹೆಚ್ಚು. ಅದಕ್ಕೂ ಮಿಗಿಲಾದ ಮಾತೊಂದಿದೆ. ಕಾಲಿಗೆ ಚೀಲ ಕಟ್ಟಿಕೊಂಡ ಹಿರಿಯರು ದೇವಸ್ಥಾನಕ್ಕೆ, ಮದುವೆಗೆ, ಕನ್ನಡ ಕೂಟಕ್ಕೆ ಬರುವುದನ್ನೇ ಬಿಡುತ್ತಾರೆ. ಚೀಲ ಖಾಲಿ ಮಾಡುವ ಮಗಳ ಮುಖ ನೋಡಲಾರದೆ ಕುಗ್ಗುತ್ತಾರೆ. ಸ್ವತಃ ಮಾಡಿಕೊಳ್ಳುವವರಿಗೆ ಬಚ್ಚಲಮನೆಯ ಬಾಗಿಲು ಹಾಕಿಕೊಳ್ಳುವ ಹಕ್ಕು ಮರಳಿ ಸಿಗುತ್ತದೆ. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ, ಮರೆವಿನ ಕಾಯಿಲೆಯವರಿಗೆ ಇದು ಸಾಧ್ಯವಾಗದಿರಬಹುದು. ಆದರೆ ವಯಸ್ಸೊಂದನ್ನೇ ನೋಡಿ ಬೇಡವೆನ್ನಬಾರದು.

ಹೊಟ್ಟೆಯ ಮೂಲಕ

ಕೆಳಗಿನ ದಾರಿಯೇ ಮುಚ್ಚಿದ್ದರೆ, ಅಥವಾ ನಳಿಕೆ ದೀರ್ಘಕಾಲ ಬೇಕೇಬೇಕೆಂದಾದರೆ, ಕಿಬ್ಬೊಟ್ಟೆಯ ಕೆಳಭಾಗದಲ್ಲಿ, ಜಘನದ ಮೂಳೆಯ ತುಸು ಮೇಲೆ ಸಣ್ಣ ರಂಧ್ರ ಮಾಡಿ ನೇರವಾಗಿ ಮೂತ್ರಕೋಶಕ್ಕೆ ನಳಿಕೆ ಇಳಿಸುತ್ತಾರೆ. ತುಂಬಿದ ಮೂತ್ರಕೋಶ ಮೇಲೆದ್ದು ಕರುಳನ್ನು ಪಕ್ಕಕ್ಕೆ ಸರಿಸಿ ಹೊಟ್ಟೆಯ ಗೋಡೆಗೆ ಆತುಕೊಳ್ಳುವುದರಿಂದ ಇದು ಸಾಧ್ಯ. ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ, ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ನಳಿಕೆ ಎಂಬ ಕ್ರಮದಲ್ಲಿ ಮಾಡುತ್ತಾರೆ. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಲ್ಲಿ ಕರುಳು ಅಲ್ಲಿಯೇ ಅಂಟಿಕೊಂಡಿರಬಹುದು. ಅವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮೂತ್ರಮಾರ್ಗ ಸವೆಯದಿರುವುದು, ಕುಳಿತಾಗ ಒತ್ತದಿರುವುದು, ದಾಂಪತ್ಯ ಜೀವನಕ್ಕೆ ಅಡ್ಡಿಯಾಗದಿರುವುದು ಇದರ ಅನುಕೂಲ. ಸೋಂಕಿನ ಭಯ ಮಾತ್ರ ತಪ್ಪುವುದಿಲ್ಲ.

ಫ್ರಾನ್ಸಿನ ಪಾಲ್ ಮಿತ್ರೊಫನಾಫ್ 1980ರಲ್ಲಿ ವಿವರಿಸಿದ ಉಪಾಯ ಇದಕ್ಕಿಂತ ಚತುರವಾದದ್ದು. ಅಪೆಂಡಿಕ್ಸನ್ನು ಬೇರ್ಪಡಿಸಿ, ಒಂದು ತುದಿಯನ್ನು ಮೂತ್ರಕೋಶಕ್ಕೆ, ಇನ್ನೊಂದನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದರೆ ಸೋರದ ಕಿರುದಾರಿಯಾಗುತ್ತದೆ. ಗಾಲಿಕುರ್ಚಿಯಲ್ಲಿರುವ ಹುಡುಗಿ ಬಟ್ಟೆ ಕಳಚದೆ, ಕುರ್ಚಿಯಿಂದ ಇಳಿಯದೆ ನಳಿಕೆ ಹಾಕಿಕೊಳ್ಳಬಹುದು. ಅದು ಮಾತ್ರ ದೊಡ್ಡ ಶಸ್ತ್ರಚಿಕಿತ್ಸೆಯೇ. ಮೂತ್ರಕೋಶದ ಬಲ ಕುಂದಿದ ಹೆಂಗಸರಿಗಾಗಿ, ಮೂತ್ರಮಾರ್ಗದಲ್ಲಿಯೇ ಕೂರುವ, ಹೊರಗಿನಿಂದ ಅಯಸ್ಕಾಂತದ ಉಪಕರಣದಿಂದ ತಿರುಗಿಸುವ ಪುಟ್ಟ ಪಂಪೊಂದಕ್ಕೆ 2014ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಅದನ್ನು 29 ದಿನಗಳಿಗೊಮ್ಮೆ ಬದಲಿಸಬೇಕು. ಗಂಡಸರಿಗೆ ಕಾಂಡೋಮಿನಂತೆ ತೊಡಿಸುವ ಹೊರನಳಿಕೆ ಸೋರುವುದನ್ನು ಹಿಡಿಯುತ್ತದೆಯೇ ಹೊರತು ಕಟ್ಟಿದ್ದನ್ನು ಬಿಡಿಸುವುದಿಲ್ಲ.

ಪರದೇಶದಲ್ಲಿ ಇದ್ದುಕೊಂಡು ನಿಭಾಯಿಸುವವರಿಗೆ ಕೆಲವು ವ್ಯಾವಹಾರಿಕ ಸಂಗತಿಗಳು. ಅಮೆರಿಕದ ಮೆಡಿಕೇರ್ 2008ರಿಂದ ತಿಂಗಳಿಗೆ 200ರವರೆಗೆ ಒಮ್ಮೆ ಬಳಸುವ ನಳಿಕೆಗಳಿಗೆ ಹಣ ಕೊಡುತ್ತದೆ. ಅದಕ್ಕೆ ಮೊದಲು ತೊಳೆದು ಬಳಸಬೇಕಿತ್ತು. ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್ ಚೀಟಿಯ ಮೇಲೆ ಸಿಗುತ್ತವೆ. ಭಾರತದಲ್ಲಿ ಬಹುಮಂದಿ ಸ್ವಂತ ಹಣದಿಂದ ಕೊಳ್ಳಬೇಕು, ತೊಳೆದು ಮತ್ತೆ ಬಳಸುವವರೇ ಹೆಚ್ಚು. ಸಂದರ್ಶಕ ವೀಸಾದಲ್ಲಿ ಬಂದ ತಂದೆತಾಯಿಯರಿಗೂ ಮೆಡಿಕೇರ್ ಅನ್ವಯಿಸದು. ಆದ್ದರಿಂದ ಬೇಕಾದಷ್ಟನ್ನು ಊರಿನಿಂದಲೇ ತರುವುದು ಲೇಸು. ಅವು ಕೈಚೀಲದಲ್ಲಿರಲಿ, ಜೊತೆಗೆ ಅಳತೆ, ಬಗೆ, ಕಾರಣಗಳನ್ನು ಬರೆದ ವೈದ್ಯರ ಪತ್ರವಿರಲಿ. ಲೇಟೆಕ್ಸ್ ಅಲರ್ಜಿಯಿದ್ದರೆ ಅದನ್ನು ಮೊದಲ ಸಾಲಿನಲ್ಲಿಯೇ ಬರೆಸಬೇಕು. ಸಿಲಿಕೋನಿನ ಫೋಲಿ ನಳಿಕೆಯನ್ನು ಗರಿಷ್ಠ ಹನ್ನೆರಡು ವಾರಗಳಲ್ಲಿ ಬದಲಿಸಬೇಕಾದ್ದರಿಂದ, ಆರು ತಿಂಗಳ ಭೇಟಿಯಲ್ಲಿ ಎರಡು ಬಾರಿಯಾದರೂ ದಾದಿಯನ್ನು ಕಾಣುವ ಏರ್ಪಾಡು ಮೊದಲೇ ಆಗಿರಲಿ.

ಚೀಲಕ್ಕೆ ಕೆಲವು ಗಂಟೆಗಳಿಂದ ಮೂತ್ರ ಬರುತ್ತಿಲ್ಲವೆಂದರೆ, ಕೊಳವೆ ಮಡಿಸಿದೆಯೇ, ಮೈಯಡಿ ಸಿಕ್ಕಿದೆಯೇ, ಚೀಲ ಮೇಲಿದೆಯೇ ಎಂದು ಮೊದಲು ನೋಡಬೇಕು. ಇವೆಲ್ಲ ಸರಿಯಿದ್ದೂ ಹರಿಯದಿದ್ದರೆ ಒಳಗೆ ಹರಳು ಕಟ್ಟಿರಬಹುದು, ಬೆಳಗಿನವರೆಗೆ ಕಾಯಬಾರದು. ಎದೆಯ ಆರನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಇದು ನಿಮಿಷಗಳ ಪ್ರಶ್ನೆ: ತುಂಬಿದ ಮೂತ್ರಕೋಶದಿಂದ ರಕ್ತದೊತ್ತಡ ಹಠಾತ್ತನೆ ಏರಿ, ತಲೆ ಸಿಡಿಯುವ ನೋವು, ಕೆಂಪೇರಿದ ಮುಖ, ಬೆವರು ಕಾಣಿಸಿಕೊಳ್ಳುತ್ತವೆ. ಅವರನ್ನು ಎಬ್ಬಿಸಿ ನೆಟ್ಟಗೆ ಕೂರಿಸಿ, ಬಿಗಿಬಟ್ಟೆ ಸಡಿಲಿಸಿ, ಆ ಕ್ಷಣವೇ ತುರ್ತುಸೇವೆಗೆ ಕರೆಮಾಡಿ ‘ಕ್ಯಾತಿಟರ್ ಕಟ್ಟಿದೆ, ಬೆನ್ನುಹುರಿಯ ಪೆಟ್ಟಿದೆ’ ಎಂಬ ಎರಡು ಮಾತನ್ನೂ ಸೇರಿಸಿ ಹೇಳಬೇಕು.